ಕುರ್ಚಿಯನ್ನು ಮಗುಚಿ ನೋಡಿದಾಗ

ನಮ್ಮ ಓದುಮನೆಯಲ್ಲಿ ಒಂದು ಹಳೆಯ ಕುರ್ಚಿ ಇದೆ. ಬೀಟೆ ಮರದ್ದು. ಎರಡು ಕೈ, ಬೆತ್ತ ಹೆಣೆದ ಆಸನ, ಬೆನ್ನ ಹಲಗೆಯಲ್ಲಿ ಬಳ್ಳಿಯ ಕೆತ್ತನೆ, ಮುಂಗಾಲುಗಳ ತುದಿಯಲ್ಲಿ ಸಿಂಹದ ಪಂಜ. ಹಾಸನ ಸೀಮೆಯ ನಮ್ಮ ಹೋಬಳಿಯ ಒಂದು ದೊಡ್ಡಮನೆ ಪಾಲಾದಾಗ, ತಾಮ್ರದ ಹಂಡೆ, ಮುರಿದ ತೊಟ್ಟಿಲುಗಳ ಜೊತೆ ಇದೂ ಪೇಟೆಯ ಹಳೇ ಸಾಮಾನಿನ ಅಂಗಡಿಗೆ ಬಂದು ಬಿದ್ದಿತ್ತು. ಒಂದು ಕೈ ಸಡಿಲವಾಗಿತ್ತು. ಬೆತ್ತ ಜೋತುಬಿದ್ದಿತ್ತು. ಹಿಂಗಾಲಿನಲ್ಲಿ ಹುಳು ಕೊರೆದ ತೂತುಗಳಿದ್ದವು. ಅಂಗಡಿಯವನು ಸೌದೆಯ ರೇಟಿಗಿಂತ ಒಂದಿಷ್ಟು ಹೆಚ್ಚು ಕೇಳಿದ. ನಾವು ಚಂದಾ ಎತ್ತಿ ತಂದೆವು.

ತಂದ ದಿನವೇ ನಮ್ಮೊಳಗೆ ಜಗಳ ಹತ್ತಿತು. "ಸೀಮೆಎಣ್ಣೆ ಹಾಕಿ ಸುಡ್ರೋ, ಇದರ ಮೇಲೆ ಕೂತೇ ನಮ್ಮ ತಾತಂದಿರಿಗೆ ದಂಡ ಹಾಕಿದ್ದು" ಎಂದ ಒಬ್ಬ ಗೆಳೆಯ. "ಸುಡಾದ್ಯಾಕೆ, ಬೆಂಗಳೂರಿಗೆ ಸಾಗಿಸಿದ್ರೆ ಹತ್ತು ಪಟ್ಟು ಬತ್ತದೆ. ಆ ದುಡ್ಡಿಗೆ ಪುಸ್ತಕ ತರಣ" ಎಂದ ಇನ್ನೊಬ್ಬ. ನಮ್ಮ ಜೊತೆಗಿರುವ ನಿವೃತ್ತ ಮೇಷ್ಟ್ರೊಬ್ಬರು ಎಲ್ಲ ಕೇಳಿಸಿಕೊಂಡು ಹೇಳಿದರು: "ಸುಡೋದು ಮಾರೋದು ಆಮೇಲೆ. ಮೊದಲು ಅದನ್ನ ಮಗುಚಿ ಹಾಕಿ. ಹಳೇ ಸಾಮಾನು ಗೊತ್ತಾಗೋದು ಅಡಿಯಿಂದ."

ಮಗುಚಿ ಹಾಕಿದೆವು. ಬ್ಯಾಟರಿ ಬಿಟ್ಟು ನೋಡಿದೆವು. ಅಲ್ಲಿ ಕಂಡದ್ದು ಮತ್ತು ಅದರ ಹಿಂದೆ ಹೋಗಿ ತಿಳಿದುಕೊಂಡದ್ದು ಈ ಬರಹ.

*

ನಮ್ಮ ಮಾತಿನಲ್ಲಿ ಕುರ್ಚಿ ಎಂದರೆ ಮರದ ಸಾಮಾನು ನೆನಪಾಗುವ ಮೊದಲೇ ಅಧಿಕಾರ ನೆನಪಾಗುತ್ತದೆ. ಕುರ್ಚಿಗಾಗಿ ಕಿತ್ತಾಟ, ಕುರ್ಚಿ ಅಲ್ಲಾಡುತ್ತಿದೆ, ಕುರ್ಚಿ ಹೋಯಿತು. ೧೯೭೩ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಎಂಬ ಒಂದು ಮಾತು ಆಡಿದ್ದಕ್ಕೆ ನಾಡಿನಲ್ಲೆಲ್ಲ ಗಲಾಟೆಯೆದ್ದು ಅವರ ಮಂತ್ರಿ ಕುರ್ಚಿ ಹೋದದ್ದು ನಮ್ಮ ಚಳವಳಿಯ ಎಲ್ಲರಿಗೂ ಗೊತ್ತು.

ಈ ಪದವೇ ಹೊರಗಿನದು. ಅರಬ್ಬಿಯ 'ಕುರ್ಸಿ' ಪಾರಸಿ, ಉರ್ದುವಿನ ದಾರಿ ಹಿಡಿದು ನಮ್ಮಲ್ಲಿಗೆ ಬಂತು. 'ಅಲಮಾರು' ಪೋರ್ಚುಗೀಸರಿಂದ ಬಂತು. ಹಳ್ಳಿಯ ಬಹುಪಾಲು ಮನೆಗಳಲ್ಲಿ ಇದ್ದದ್ದು ಮಣೆ, ಚಾಪೆ, ಕಂಬಳಿ, ಜಗಲಿ. ಹಾಗಂತ ನೆಲದ ಮೇಲೆ ಕೂತ ಸಮಾಜ ಸಮಾನವಾಗಿತ್ತು ಅಂತ ಯಾರೂ ತಿಳಿಯಬೇಡಿ. ಮಣೆಗೂ ನೆಲಕ್ಕೂ ನಡುವೆ ಇರುವ ಎರಡು ಅಂಗುಲದಲ್ಲೇ ಜಾತಿ ಕೂತಿತ್ತು. ಕುರ್ಚಿ ಬಂದ ಮೇಲೆ ಆ ಎರಡು ಅಂಗುಲ ಒಂದೂವರೆ ಅಡಿಯಾಯಿತು, ಅಷ್ಟೆ. ಜಗಲಿಯ ಕುರ್ಚಿಯಲ್ಲಿ ಪಟೇಲ, ಕೆಳಗೆ ಚಾಪೆಯಲ್ಲಿ ಶಾನುಭೋಗನ ಲೆಕ್ಕದ ಪುಸ್ತಕ, ಮೆಟ್ಟಿಲ ಹತ್ತಿರ ಕುಕ್ಕರಗಾಲಲ್ಲಿ ರೈತ, ಅಂಗಳದಾಚೆ ಕೈಕಟ್ಟಿ ನಿಂತ ತೋಟಿ, ತಳವಾರ. ಇದು ನಮ್ಮ ಊರುಗಳ ಕಚೇರಿಯ ಚಿತ್ರ. ನಮ್ಮ ಕೇರಿಯವನು ತನ್ನದೇ ಮನೆ ಮುಂದೆ ತನ್ನದೇ ಮಂಚದ ಮೇಲೆ ಕೂತಿದ್ದರೂ ಗೌಡ ಹಾದುಹೋದರೆ ಎದ್ದು ನಿಲ್ಲಬೇಕಿತ್ತು.

ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರರಿಗೆ ಕೂರಲು ಸಿಕ್ಕಿದ್ದು ಮೂಲೆಯಲ್ಲಿ ಒಂದು ಗೋಣಿತಟ್ಟು. ಅದನ್ನೂ ಶಾಲೆಯಲ್ಲಿ ಬಿಡುವಂತಿರಲಿಲ್ಲ. ಶಾಲೆ ಗುಡಿಸುವ ಆಳು ಕೂಡ ಅದನ್ನು ಮುಟ್ಟುತ್ತಿರಲಿಲ್ಲ. ಹುಡುಗ ಸಂಜೆ ಅದನ್ನು ಸುತ್ತಿಕೊಂಡು ಮನೆಗೆ ಒಯ್ದು ಬೆಳಗ್ಗೆ ಮತ್ತೆ ತರಬೇಕಿತ್ತು. ಅವರೇ ಬರೆದಿಟ್ಟ ಸಂಗತಿ ಇದು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರ ಮೊದಲ ಪೀಠೋಪಕರಣ ಆ ಗೋಣಿತಟ್ಟು. ಇಂದು ಅದು ಯಾವ ವಸ್ತುಸಂಗ್ರಹಾಲಯದಲ್ಲಿ ಇರಬೇಕಿತ್ತು, ಯೋಚಿಸಿ.

ಗೆದ್ದವನು ಸೋತವನ ಆಸನವನ್ನು ಏನು ಮಾಡುತ್ತಾನೆ ಎಂಬುದಕ್ಕೂ ನಮ್ಮ ನೆಲದಲ್ಲೇ ದಾಖಲೆ ಇದೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಚಿನ್ನದ ತಗಡು ಹೊದಿಸಿದ ಟಿಪ್ಪುವಿನ ಸಿಂಹಾಸನವನ್ನು ಕಂಪನಿಯ ಸೈನ್ಯ ಲೂಟಿಯ ಪಾಲು ಹಂಚಲು ಒಡೆದು ಚೂರು ಮಾಡಿತು. ಅದರ ಹುಲಿಯ ತಲೆ ಈಗಲೂ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿದೆ. ಆಸನ ಒಡೆದದ್ದರಿಂದ ಆಳುವುದೇನೂ ನಿಲ್ಲಲಿಲ್ಲ. ಕೂರುವವರು ಬದಲಾದರು.

ನಮ್ಮ ಊರಿನ ಕುರ್ಚಿ ಖಾಲಿಯಾದದ್ದು ಒಡೆಯುವುದರಿಂದಲ್ಲ, ಕಾನೂನಿನಿಂದ. ೧೯೬೧ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ೧೯೬೩ರಲ್ಲಿ ಜಾರಿಗೆ ಬಂದಾಗ ಅಪ್ಪನಿಂದ ಮಗನಿಗೆ ಇಳಿಯುತ್ತಿದ್ದ ಪಟೇಲಿಕೆ, ಶಾನುಭೋಗಿಕೆ ಹೋದವು. ಅಪ್ಪನಿಂದ ಮಗನ ತಲೆ ಮೇಲೆ ಬೀಳುತ್ತಿದ್ದ ತೋಟಿತನ, ತಳವಾರಿಕೆಗಳೂ ಕಾಗದದಲ್ಲಿ ಹೋದವು. ಕುರ್ಚಿ ಮಾತ್ರ ಜಗಲಿಯಲ್ಲೇ ಇತ್ತು.

ಕುರ್ಚಿ ಓದುಮನೆಗೆ ಬಂದ ಸುದ್ದಿ ಕೇಳಿ ನಮ್ಮ ಕೇರಿಯ ಅಜ್ಜಿಯೊಬ್ಬಳು ನೋಡಲು ಬಂದಳು. ಎಂಬತ್ತು ದಾಟಿದ ಜೀವ. ಸುತ್ತ ಒಂದು ಸಲ ನೋಡಿದಳು. "ಇದರ ಕಾಲು ನಂಗೆ ಗೊತ್ತು ಕಣಪ್ಪ" ಎಂದಳು. "ಬಿಟ್ಟಿ ಕೆಲಸಕ್ಕೆ ಹೋದಾಗ ಅಂಗಳದಾಗೆ ನಿಂತ್ಕಂಡು ನೋಡ್ತಿದ್ದುದೇ ಈ ಪಂಜವ. ಮೇಲೆ ಬಳ್ಳಿ ಐತೆ ಅಂತ ಇವತ್ತೇ ಗೊತ್ತಾಗಿದ್ದು. ಕಣ್ಣೆತ್ತಿದ್ರೆ ತಾನೆ ಕಾಣಾದು?"

ಜಗಳವಾಡುತ್ತಿದ್ದ ನಾವು ಸುಮ್ಮನಾದೆವು. ಅಂದಿನಿಂದ ಆ ಕುರ್ಚಿಯನ್ನು ಸುಡುವ ಮಾತೂ ಮಾರುವ ಮಾತೂ ನಿಂತಿತು.

*

ಈಗ ಮಗುಚಿದ ಕುರ್ಚಿಗೆ ಬರೋಣ. ಹಳೇ ಮರದ ಸಾಮಾನನ್ನು ಮುಂದಿನಿಂದ ನೋಡಿ ಕೊಂಡವನು ಮೋಸ ಹೋಗುತ್ತಾನೆ. ಮುಂಭಾಗಕ್ಕೆ ಪಾಲಿಶ್ ಹಾಕಬಹುದು. ಅಡಿಯನ್ನು ಯಾರೂ ಶೃಂಗಾರ ಮಾಡುವುದಿಲ್ಲ. ಹೀಗಾಗಿ ಅಲ್ಲಿ ಕೆಲಸಗಾರನ ಗುರುತು ಉಳಿದಿರುತ್ತದೆ.

ನಮ್ಮ ಕುರ್ಚಿಯ ಅಡಿಯಲ್ಲಿ ಗರಗಸದ ಗೆರೆಗಳಿದ್ದವು. ನೇರ ಗೆರೆಗಳು, ಆದರೆ ಒಂದಕ್ಕೊಂದು ಅಳತೆ ಸಮ ಇಲ್ಲ. ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಎಳೆದ ಕೈಗರಗಸದ ಗುರುತು ಅದು. ಮೇಲಿದ್ದವನಿಗೆ ಬಿಸಿಲು, ಕೆಳಗಿದ್ದವನ ಕಣ್ಣಿಗೆ ಮೂಗಿಗೆ ಹೊಟ್ಟು. ಯಂತ್ರದ ದುಂಡು ಗರಗಸ ಕೊಯ್ದಿದ್ದರೆ ಗೆರೆ ಬಿಲ್ಲಿನಂತೆ ಬಾಗಿರುತ್ತದೆ. ಬೆರಳಾಡಿಸಿದರೆ ಉಜ್ಜುಗೊರಡು ಸರಿದ ಸಣ್ಣ ಸಣ್ಣ ತಗ್ಗುಗಳೂ ಸಿಕ್ಕವು. ಯಂತ್ರದಲ್ಲಿ ಹೆರೆದ ಹಲಗೆ ಬೆರಳಿಗೆ ಗಾಜಿನಂತೆ ಒಂದೇ ಸಮ ಹತ್ತುತ್ತದೆ.

ಆಮೇಲೆ ಕೀಲು. ಒಂದು ಮರದ ನಾಲಿಗೆ ಇನ್ನೊಂದರ ಕುಳಿಯೊಳಗೆ ಕೂತು, ಅಡ್ಡಕ್ಕೆ ಮರದ ಗೂಟ ಹೊಡೆದಿದ್ದರೆ ಅದು ಹಳೆಯ ಕ್ರಮ. ಮೇಜಿನ ಡ್ರಾಯರನ್ನು ಪೂರ್ತಿ ಎಳೆದು ಮೂಲೆ ನೋಡಿ. ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳು ಒಂದು ದಪ್ಪ ಒಂದು ಸಣ್ಣ ಇದ್ದರೆ ಅದು ಕೈಕೆಲಸ. ಎಲ್ಲವೂ ಅಚ್ಚು ಹಾಕಿದಂತೆ ಇದ್ದರೆ ಯಂತ್ರದ್ದು.

ದುಂಡು ಮೇಜು ಕೊಳ್ಳುವವರು ಒಂದು ದಾರ ಇಟ್ಟುಕೊಂಡು ಹೋಗಬೇಕು. ಮರ ವರ್ಷಗಟ್ಟಲೆ ಒಣಗುತ್ತಾ ಎಳೆಯ ಅಡ್ಡಕ್ಕೆ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ನಿಜವಾಗಿ ಹಳೆಯದಾದ ದುಂಡು ಮೇಜನ್ನು ಎರಡು ಕಡೆಯಿಂದ ಅಳೆದರೆ ಅಡ್ಡ ಅಳತೆ ಒಂದಿಷ್ಟು ಕಡಿಮೆ ಬರುತ್ತದೆ. ಇದನ್ನು ಕಳ್ಳ ಸಾಮಾನು ಮಾಡುವವನು ಮರೆತಿರುತ್ತಾನೆ.

ಸವಕಲು ಎಲ್ಲಿದೆ ನೋಡಿ. ಕೈ ಊರುವ ತುದಿ, ಹಿಮ್ಮಡಿ ತಾಗುವ ಅಡ್ಡಪಟ್ಟಿ, ನೆಲ ಉಜ್ಜುವ ಕಾಲು. ದೇಹ ಎಲ್ಲಿ ಮುಟ್ಟುತ್ತದೋ ಅಲ್ಲೇ ಸವೆದಿರಬೇಕು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಯಾರೋ ಉಪ್ಪುಕಾಗದ ಉಜ್ಜಿದ್ದಾರೆ ಅಂತಲೇ ಲೆಕ್ಕ. ಹುಳುವಿನ ತೂತಿಗೆ ಒಂದು ತೆಳು ತಂತಿ ಹಾಕಿ. ಹುಳು ಡೊಂಕಾಗಿ ಕೊರೆಯುತ್ತದೆ, ತಂತಿ ಬೇಗ ತಡೆಯುತ್ತದೆ. ನೇರ ಇಳಿದರೆ ಬೈರಿಗೆಯಲ್ಲಿ ಕೊರೆದ ತೂತು. ತೂತಿನ ಕೆಳಗೆ ಹೊಸ ಹಿಟ್ಟು ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ. ಅಂಥದ್ದನ್ನು ಮನೆಯೊಳಗೆ ತಂದರೆ ಬಾಗಿಲಿಗೂ ತೊಲೆಗೂ ಅಂಟುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಹಿಗ್ಗಬೇಡಿ.

*

ಕೊಳ್ಳುವವರಿಗೆ ಇಷ್ಟು ಸಾಕು. ಆದರೆ ಚಳವಳಿಯವರಿಗೆ ಇಷ್ಟು ಸಾಲದು. ಈ ಮರ ಎಲ್ಲಿಂದ ಬಂತು?

ಬೀಟೆ ನಮ್ಮ ಪಶ್ಚಿಮಘಟ್ಟದ ಮರ. ಕಾಡಿನ ಜನರಿಗೆ ಅದು ನೆರಳು, ಜೇನು ಕಟ್ಟುವ ಕೊಂಬೆ. ಬ್ರಿಟಿಷರಿಗೆ ಅದು ಅಡಿಲೆಕ್ಕದ ಸರಕು. ೧೮೬೫ರಲ್ಲಿ ಮೊದಲ ಅರಣ್ಯ ಕಾಯ್ದೆ, ೧೮೭೮ರಲ್ಲಿ ಇನ್ನೂ ಬಿಗಿಯಾದದ್ದು. ಎರಡನೆಯದು ಕಾಡನ್ನು ಕಾದಿಟ್ಟದ್ದು, ರಕ್ಷಿತ, ಗ್ರಾಮದ್ದು ಎಂದು ಗೆರೆ ಹಾಕಿ ಹಂಚಿತು. ತೇಗ, ಬೀಟೆ ಸರ್ಕಾರದ ಲೆಕ್ಕಕ್ಕೆ ಹೋದವು. ಕುಮರಿ ಬೇಸಾಯ ಮಾಡುತ್ತಿದ್ದವನು ಒಂದು ಬೆಳಗ್ಗೆ ಕಾಡುಗಳ್ಳನಾದ. ಸ್ವಾತಂತ್ರ್ಯ ಬಂದ ಮೇಲೂ ಆ ಗೆರೆ ಅಳಿಸಲಿಲ್ಲ. ೧೯೭೦ರ ದಶಕದಲ್ಲಿ ನಾಗರಹೊಳೆಯಿಂದ ಜೇನುಕುರುಬರನ್ನು ಹೊರಹಾಕಿದರು. ಕಾಡಿನ ಮೇಲೆ ಅಲ್ಲಿಯ ಜನರಿಗೆ ಹಕ್ಕಿದೆ ಎಂದು ಕಾನೂನು ಒಪ್ಪಿದ್ದು ೨೦೦೬ರಲ್ಲಿ. ಆ ಹಕ್ಕುಪತ್ರಕ್ಕೆ ಅವರು ಅಲೆದಾಡಿದ್ದು ಬೇರೆಯೇ ಬರಹಕ್ಕೆ ಆಗುವಷ್ಟಿದೆ.

ಕಾಫಿ ಸೀಮೆಯ ಹಳೇ ಬಂಗಲೆಗಳಲ್ಲಿ ಇನ್ನೊಂದು ಥರದ ಕುರ್ಚಿ ಇದೆ. ಹಿಂದಕ್ಕೆ ಒರಗಿದ ಬೆತ್ತದ ಆಸನ, ಮಾರುದ್ದ ಮುಂದಕ್ಕೆ ಚಾಚಿದ ಕೈಗಳು. ಅಂಗಡಿಗಳಲ್ಲಿ ಇದನ್ನು ಪ್ಲಾಂಟರ್ಸ್ ಚೇರ್ ಎಂದು ಮಾರುತ್ತಾರೆ. ಆ ಕೈಗಳು ಕೈ ಇಡಲಿಕ್ಕಲ್ಲ, ದೊರೆ ಕಾಲು ಚಾಚಲಿಕ್ಕೆ. ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದದ್ದು ೧೮೫೪ರಲ್ಲಿ. ಐದೇ ವರ್ಷಕ್ಕೆ, ೧೮೫೯ರಲ್ಲಿ, ಮುಂಗಡ ಹಣ ಪಡೆದು ಕೆಲಸ ಬಿಟ್ಟ ಕೂಲಿಯನ್ನು ಜೈಲಿಗೆ ಹಾಕಬಹುದು ಎಂಬ ಕಾನೂನು ಬಂತು. ಬಯಲುಸೀಮೆಯ ನಮ್ಮ ಜನ ಮೇಸ್ತ್ರಿಯ ಮುಂಗಡ ತೆಗೆದುಕೊಂಡು ಘಟ್ಟ ಹತ್ತಿದರು. ಸಾಲ ತೀರುವ ಮೊದಲು ಇಳಿಯುವಂತಿಲ್ಲ. ಅಂಥ ಕುರ್ಚಿಯನ್ನು ಇವತ್ತು ರೆಸಾರ್ಟಿನ ಜಗಲಿಯಲ್ಲಿ ಕಂಡಾಗ ಅದರ ಚಾಚಿದ ಕೈಗಳನ್ನು ಒಮ್ಮೆ ನೋಡಿ. ಅದರ ತುದಿಯಲ್ಲಿದ್ದ ಬೂಟನ್ನು ಬಿಚ್ಚಿದ್ದು ಯಾರು ಎಂದು ಕೇಳಿ.

ಮೈಸೂರಿನ ಬೀಟೆ ಮರದ ಕುಸುರಿಗೆ ದೇಶವಿದೇಶದಲ್ಲಿ ಹೆಸರಿದೆ. ಕಪ್ಪು ಮರದಲ್ಲಿ ಉಳಿಯಿಂದ ಕುಳಿ ತೋಡಿ, ಅದರಲ್ಲಿ ದಂತದ ಅಥವಾ ಬಣ್ಣಬಣ್ಣದ ಮರದ ತುಂಡು ಕೂರಿಸಿ, ಮೇಲ್ಮೈ ಒಂದಾಗುವಂತೆ ಉಜ್ಜುವ ಕೆಲಸ ಅದು. ೧೮೯೭ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋಯಿತು. ೧೯೧೨ರಲ್ಲಿ ಮುಗಿದ ಹೊಸ ಅರಮನೆಯ ದಂತ ಕೂರಿಸಿದ ಬಾಗಿಲುಗಳ ಮುಂದೆ ಇವತ್ತೂ ಜನ ಬಾಯಿಬಿಟ್ಟು ನಿಲ್ಲುತ್ತಾರೆ. ವಿನ್ಯಾಸ ಮಾಡಿದ ಹೆನ್ರಿ ಇರ್ವಿನ್ನನ ಹೆಸರು ಎಲ್ಲ ಪುಸ್ತಕದಲ್ಲಿದೆ. ಕೂತು ಕೊರೆದವರ ಹೆಸರು? ಈ ಕಸುಬನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರಲ್ಲಿ ಮೈಸೂರಿನ ಮಂಡಿ ಮೊಹಲ್ಲಾದ ಬಡ ಮುಸ್ಲಿಂ ಕುಟುಂಬಗಳೇ ಬಹಳ. 'ನಮ್ಮ ಸಂಸ್ಕೃತಿ' ಎಂದು ಆ ಪೆಟ್ಟಿಗೆಗಳನ್ನು ಸನ್ಮಾನ ಸಮಾರಂಭಗಳಲ್ಲಿ ಕೈಗೆ ಕೊಡುವವರು ಅದನ್ನು ಮಾಡಿದವನಿಗೆ ಬಾಡಿಗೆ ಮನೆ ಕೊಡುತ್ತಾರೆಯೇ?

ಕೊಳ್ಳುವವರು ಕಾನೂನನ್ನೂ ತಿಳಿದಿರಬೇಕು. ೧೯೭೨ರ ವನ್ಯಜೀವಿ ಕಾಯ್ದೆಗೆ ೧೯೮೬ ಮತ್ತು ೧೯೯೧ರಲ್ಲಿ ಆದ ತಿದ್ದುಪಡಿಗಳಿಂದ ದಂತದ ವ್ಯಾಪಾರ ಪೂರ್ತಿ ನಿಂತಿತು. ಹಳೆಯದೇ ಆಗಲಿ, ದಂತ ಕೂರಿಸಿದ ಸಾಮಾನು ಮಾರುವುದು ಕೊಳ್ಳುವುದು ಅಪರಾಧ. ಬೀಟೆಯ ಕುಲದ ಎಲ್ಲ ಮರಗಳೂ ೨೦೧೭ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಹತೋಟಿ ಪಟ್ಟಿಯಲ್ಲಿವೆ. ೧೯೭೨ರ ಪುರಾವಸ್ತು ಕಾಯ್ದೆ ೧೯೭೬ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ೧೦೦ ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.

*

ಈಗ ಅಂಟಿನ ವಿಷಯ. ಈ ಬರಹ ಬರೆಯಬೇಕೆನಿಸಿದ್ದೇ ಇದರಿಂದ.

ಸಡಿಲವಾದ ಕೈಯನ್ನು ಸರಿಮಾಡಲು ಪಕ್ಕದ ಊರಿನ ಆಚಾರ್ರನ್ನು ಕರೆಸಿದೆವು. ಮೊದಲ ದಿನ ಬಾಟಲಿಯಲ್ಲಿ ತಮ್ಮ ನೀರು ತಮ್ಮ ಜೊತೆಗೇ ತಂದಿದ್ದರು. ನಾವು ನೋಡಿದೆವು, ಏನೂ ಅನ್ನಲಿಲ್ಲ. ಅವರು ಕೀಲು ಬಿಚ್ಚಿ, ಒಳಗೆ ಹರಳುಗಟ್ಟಿದ್ದ ಕಂದು ಬಣ್ಣದ ಅಂಟನ್ನು ಉಗುರಿನಲ್ಲಿ ಕೆರೆದು, ಬಿಸಿನೀರಿನ ಬಟ್ಟೆ ಇಟ್ಟರು. ಸ್ವಲ್ಪ ಹೊತ್ತಿಗೆ ಅದು ಕರಗಿ ನಾತ ಬಂತು. ನಮ್ಮಲ್ಲಿ ವಯಸ್ಸಾದವರು ಆ ನಾತವನ್ನು ತಟ್ಟನೆ ಗುರುತು ಹಿಡಿದರು.

"ಸರೇಸು" ಎಂದರು ಆಚಾರ್ರು. "ಹಳೇ ಕಾಲದ ಕೆಲಸ. ತೊಗಲು ಮೂಳೆ ಬೇಯಿಸಿ ಮಾಡೋದು."

ಗೆಳೆಯರೇ, ಒಂದು ನಿಮಿಷ ಇಲ್ಲಿ ನಿಲ್ಲಿ. ಪಟೇಲನ ಕುರ್ಚಿಯ ಕೀಲು ಬಿಡದಂತೆ ಹಿಡಿದಿದ್ದದ್ದು ತೊಗಲಿನ ಅಂಟು. ಹೊಸ ರಾಸಾಯನಿಕ ಅಂಟುಗಳು ಬರುವವರೆಗೆ ಈ ದೇಶದಲ್ಲೂ ಹೊರದೇಶದಲ್ಲೂ ಒಳ್ಳೆಯ ಮರಗೆಲಸಕ್ಕೆ ಹೆಚ್ಚಾಗಿ ಬಳಸಿದ್ದು ಇದನ್ನೇ. ನಮ್ಮಲ್ಲಿ ಸತ್ತ ದನ ಹೊತ್ತವರು ಯಾರು, ತೊಗಲು ಸುಲಿದವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ಯಾರ ನೆರಳು ಜಗಲಿಗೆ ಬೀಳಬಾರದು ಎಂದಿದ್ದರೋ ಅವರ ಕೈಕೆಲಸದ ಮೇಲೆಯೇ ಜಗಲಿಯ ಕುರ್ಚಿ ನಿಂತಿತ್ತು. ಮಡಿಯ ಮನುಷ್ಯ ದಿನಾ ಅದರ ಮೇಲೆ ಕೂತು ತೀರ್ಪು ಹೇಳುತ್ತಿದ್ದ.

ಕುರ್ಚಿ ಮಾಡಿದ ಬಡಗಿಗೂ ತೊಗಲು ಕೊಟ್ಟ ಮಾದಿಗನಿಗೂ ಇನ್ನೊಂದು ನಂಟಿದೆ. ೧೮೦೦ರಲ್ಲಿ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬಲಗೈ, ಎಡಗೈ ಎಂಬ ಎರಡು ಬಣಗಳನ್ನು ಕುರಿತು ಬರೆದಿದ್ದಾನೆ. ಬಡಗಿ, ಕಮ್ಮಾರ, ಅಕ್ಕಸಾಲಿಗರ ಪಾಂಚಾಳ ಕುಲ ಎಡಗೈ ಬಣದ ಮುಂದಾಳು. ಮಾದಿಗರು ಅದೇ ಬಣದವರು. ಹೊಲೆಯರು ಬಲಗೈ ಬಣದವರು. ಬೀದಿ ಜಗಳಕ್ಕೆ ಬಣ ಒಂದೇ, ಊಟದ ಪಂಕ್ತಿಗೆ ಒಂದಲ್ಲ. ಮೇಲಿನವರ ಮೆರವಣಿಗೆಯ ಮರ್ಯಾದೆಗೆ ಕೆಳಗಿನವರು ತಲೆ ಒಡೆಸಿಕೊಂಡರು. ಆ ಎಡ ಬಲದ ಗಾಯ ಇವತ್ತಿಗೂ ನಮ್ಮನ್ನು ಬೇರೆ ಬೇರೆ ಮಾಡಿ ಇಟ್ಟಿದೆ.

ಕೀಲಿಗೆ ಮತ್ತೆ ಸರೇಸನ್ನೇ ಹಾಕಬೇಕೇ ಎಂಬುದು ನಮ್ಮೊಳಗಿನ ಎರಡನೇ ಜಗಳ. "ಸತ್ತ ದನ ಹೊರೋದು ಬಿಡಿ ಅಂತ ಬಾಬಾಸಾಹೇಬರು ಹೇಳಿದ್ದು ಯಾಕೆ? ನಾವು ಬಿಟ್ಟ ಕೆಲಸದ ನಾತ ಓದುಮನೆಗೆ ಬ್ಯಾಡ" ಎಂದ ಒಬ್ಬ ವಿದ್ಯಾರ್ಥಿ. ಅವನ ಮಾತಿನಲ್ಲಿ ನ್ಯಾಯ ಇತ್ತು. ಬಲವಂತದಿಂದ ತಲೆಗೆ ಕಟ್ಟಿದ ಕಸುಬನ್ನು ಯಾರೂ ವೈಭವೀಕರಿಸಬೇಕಿಲ್ಲ. ಆದರೆ ಆಚಾರ್ರು ಹೇಳಿದ ಕಾರಣವೂ ಗಟ್ಟಿಯಾಗಿತ್ತು. ಈಗಿನ ಬಿಳಿ ಅಂಟು ಹಳೇ ಸರೇಸಿನ ಮೇಲೆ ಸರಿಯಾಗಿ ಕಚ್ಚುವುದಿಲ್ಲ, ಕಚ್ಚಿದರೆ ಮತ್ತೆ ಬಿಚ್ಚಲಾಗುವುದಿಲ್ಲ. ಮುಂದೆ ಯಾರಾದರೂ ದುರಸ್ತಿ ಮಾಡಬೇಕೆಂದರೆ ಮರವನ್ನೇ ಸೀಳಬೇಕಾಗುತ್ತದೆ. ಸರೇಸು ಬಿಸಿನೀರಿಗೆ ಬಿಡುತ್ತದೆ, ಮತ್ತೆ ಹಾಕಿದರೆ ಹಿಡಿಯುತ್ತದೆ. ಪೇಟೆಯಲ್ಲಿ ಕಾಳಿನ ರೂಪದಲ್ಲಿ ಸಿಕ್ಕಿತು. ನೀರಲ್ಲಿ ನೆನೆಸಿ, ಇನ್ನೊಂದು ಪಾತ್ರೆಯ ಬಿಸಿನೀರಿನಲ್ಲಿಟ್ಟು ಕರಗಿಸಬೇಕು, ಕುದಿಸಬಾರದು. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ.

ವಿದ್ಯಾರ್ಥಿ ಕೊನೆಗೆ ಒಂದು ಷರತ್ತು ಹಾಕಿದ: ಈ ಅಂಟು ಏನು, ಯಾರ ಕೆಲಸ ಅಂತ ಒಂದು ಚೀಟಿ ಬರೆದು ಕುರ್ಚಿಯ ಅಡಿಗೆ ಅಂಟಿಸಬೇಕು. ಒಪ್ಪಿದೆವು. ಚೀಟಿ ಇದೆ. ಮೂರನೇ ದಿನ ಆಚಾರ್ರು ನಮ್ಮ ಟೀ ಕುಡಿದರು. ಅದಕ್ಕೆ ನಾವು ಕ್ರಾಂತಿ ಎಂದು ಹೆಸರಿಡುವುದಿಲ್ಲ. ಆದರೆ ಕುಡಿದರು.

ಆಸನದ ಬೆತ್ತಕ್ಕೂ ಇದೇ ಮಾತು. ಬೆತ್ತ ಬಿದಿರಿನ ಕೆಲಸ ಮೇದರದ್ದು. ಹನ್ನೆರಡನೇ ಶತಮಾನದಲ್ಲಿ ಮೇದಾರ ಕೇತಯ್ಯ ಆ ಕಸುಬಿನ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡೇ ಶರಣನಾಗಿದ್ದ. ಮರದ ಹೊಳಪು ಅರಗಿನದು. ಮುತ್ತುಗದಂಥ ಮರಗಳ ಕೊಂಬೆಗೆ ಅಂಟುವ ಸಣ್ಣ ಹುಳುವಿನಿಂದ ಅರಗು ಬರುತ್ತದೆ. ಅದನ್ನು ಕೆರೆದು ಕೂಡಿಸಿದವರಲ್ಲಿ ಛೋಟಾ ನಾಗಪುರದ ಆದಿವಾಸಿಗಳೇ ಹೆಚ್ಚು. ಬೀಟೆ, ಸರೇಸು, ಬೆತ್ತ, ಅರಗು. ಒಂದು ಕುರ್ಚಿಯಲ್ಲಿ ಇಷ್ಟು ಜನ. ಅದರಲ್ಲಿ ಕೂರಲು ಅವರಲ್ಲಿ ಒಬ್ಬರಿಗೂ ಹಕ್ಕಿರಲಿಲ್ಲ.

*

ಇನ್ನು ಕಾಪಾಡುವ ಬಗೆ. ಹಳ್ಳಿಯ ಮೇಷ್ಟ್ರುಗಳು ಇದನ್ನು ಗಮನವಿಟ್ಟು ಓದಬೇಕು. ನಿಮ್ಮ ಶಾಲೆಯ ಉಗ್ರಾಣದಲ್ಲಿ ತೇಗದ ಬೆಂಚು, ಹಳೇ ಮೇಜು ಮಳೆನೀರಿಗೆ ಬಿದ್ದಿರಬಹುದು. ಹರಾಜಿನಲ್ಲಿ ಸೌದೆಗೆ ಹೋಗುವ ಮೊದಲು ಅದನ್ನು ಮಗುಚಿ ನೋಡಿ.

ಕುರ್ಚಿಯನ್ನು ಎತ್ತುವಾಗ ಕೈ ಹಿಡಿದು ಎತ್ತಬೇಡಿ, ಆಸನದ ಚೌಕಟ್ಟು ಹಿಡಿದು ಎತ್ತಿ. ಎಳೆಯಬೇಡಿ. ಎಳೆದರೆ ಕಾಲಿನ ಕೀಲು ಬಿಡುತ್ತದೆ. ಸಡಿಲವಾದದ್ದಕ್ಕೆ ಕಬ್ಬಿಣದ ಮೊಳೆ ಹೊಡೆಯುವುದು ನಮ್ಮವರ ಕೆಟ್ಟ ಅಭ್ಯಾಸ. ಮರ ಸೀಳುತ್ತದೆ, ಮೊಳೆ ತುಕ್ಕು ಹಿಡಿದು ಸುತ್ತ ಕಪ್ಪಾಗುತ್ತದೆ. ಕೀಲು ಬಿಚ್ಚಿ, ಹಳೇ ಅಂಟು ತೊಳೆದು, ಹೊಸ ಅಂಟು ಹಾಕಿ, ಹಗ್ಗ ಬಿಗಿದು ಒಂದು ದಿನ ಬಿಡಿ.

ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೆತ್ತನೆಯ ಒಣ ಹತ್ತಿ ಬಟ್ಟೆ ಸಾಕು. ಬಿಸಿ ಲೋಟ ಇಟ್ಟರೆ ಅರಗಿನ ಪಾಲಿಶ್ ಮೇಲೆ ಬಿಳಿ ಬಳೆ ಮೂಡುತ್ತದೆ. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ. ವರ್ಷಕ್ಕೆ ಒಂದೆರಡು ಸಲ ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ತೆಳುವಾಗಿ ಸವರಿ ಉಜ್ಜಿ. ಟರ್ಪೆಂಟೈನ್ ಬೆಂಕಿ ಹಿಡಿಯುವ ವಸ್ತು. ಒಲೆಯಿಂದ ದೂರ ಇಟ್ಟು, ಬಿಸಿನೀರಿನ ಪಾತ್ರೆಯೊಳಗಿಟ್ಟು ಮೇಣ ಕರಗಿಸಿ. ಹಳೇ ಪಾಲಿಶನ್ನೆಲ್ಲ ಕೆರೆದು ತೆಗೆದು ಹೊಸದರಂತೆ ಮಿಂಚಿಸಬೇಡಿ. ಹಾಗೆ ಮಾಡಿದರೆ ಸಾಮಾನಿ‌ನ ಬೆಲೆಯೂ ಹೋಗುತ್ತದೆ, ಅದರ ಮೈಮೇಲಿದ್ದ ದಾಖಲೆಯೂ ಹೋಗುತ್ತದೆ.

ಜೋತುಬಿದ್ದ ಬೆತ್ತಕ್ಕೆ ಅಡಿಯಿಂದ ಒದ್ದೆ ಬಟ್ಟೆ ಒತ್ತಿ, ನೆನೆದ ಮೇಲೆ ನೆರಳಲ್ಲಿ ಒಣಗಲು ಬಿಡಿ. ಒಣಗುತ್ತಾ ಅದು ಬಿಗಿಯಾಗುತ್ತದೆ. ತುಂಡಾಗಿದ್ದರೆ ಮಾತ್ರ ಹೊಸದು ಹೆಣೆಸಿ. ಬಿಸಿಲು ನೇರವಾಗಿ ಬೀಳುವ ಕಡೆ ಇಟ್ಟರೆ ಬೀಟೆಯ ಬಣ್ಣ ಮಾಸುತ್ತದೆ. ಮಣ್ಣಿನ ಗೋಡೆಗೆ ತಾಗಿಸಿ ಇಟ್ಟರೆ ಗೆದ್ದಲು ಏರುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇರಲಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಡಿ ನೋಡಿ.

*

೧೯೭೪ರ ಮಾರ್ಚ್ ಒಂದರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರ ಜಮೀನು ಗೇಣಿದಾರರಿಗೆ ಸಿಗುವ ದಾರಿ ತೆರೆಯಿತು. ಗೇಣಿ ಚೀಟಿಯೂ ಇಲ್ಲದ ನಮ್ಮ ಕೂಲಿಯ ಜನಕ್ಕೆ ದಕ್ಕಿದ್ದು ಕಡಿಮೆ. ಆಮೇಲಿನ ವರ್ಷಗಳಲ್ಲಿ ದೊಡ್ಡಮನೆಗಳು ಒಂದೊಂದಾಗಿ ಪಾಲಾಗುತ್ತಾ, ಕಳಚುತ್ತಾ ಹೋದದ್ದನ್ನು ನಮ್ಮ ಸೀಮೆಯಲ್ಲಿ ನಾವೇ ನೋಡಿದ್ದೇವೆ. ಕಂಬ, ಬಾಗಿಲು, ತೂಗುಮಂಚ, ಕುರ್ಚಿಗಳು ಲಾರಿ ಹತ್ತಿ ಪಟ್ಟಣದ ಅಂಗಡಿಗೆ ಹೋದವು. ಕೇರಳದ ಮಟ್ಟಾಂಚೇರಿಯಲ್ಲಿ, ತಮಿಳುನಾಡಿನ ಕಾರೈಕುಡಿಯಲ್ಲಿ ಇಂಥ ಅಂಗಡಿಗಳ ಸಾಲೇ ಇದೆ. ಅಲ್ಲಿ ಬೆಲೆಯ ಚೀಟಿ ಇದೆ, ಮರದ ಹೆಸರಿದೆ, ಕೂತವರ ಮನೆತನದ ಹೆಸರೂ ಇರುತ್ತದೆ. ಮಾಡಿದವರ ಹೆಸರಿಲ್ಲ, ಅಂಗಳದಲ್ಲಿ ನಿಂತವರ ಹೆಸರಿಲ್ಲ.

ನಮ್ಮ ಕೇರಿಯಿಂದ ಆ ಅಂಗಡಿಗಳಿಗೆ ಹೋಗಲು ಏನಿತ್ತು? ಗೋಣಿತಟ್ಟು ನೂರು ವರ್ಷ ಬಾಳುವುದಿಲ್ಲ. ಮರದ ಮರಿಗೆ, ಮುರುಕು ಮಂಚ ಬಡತನದಲ್ಲಿ ಸವೆದು ಒಲೆಗೆ ಹೋಗುತ್ತವೆ. ಪುರಾವಸ್ತು ಅನ್ನಿಸಿಕೊಳ್ಳುವುದಕ್ಕೂ ಒಂದು ಸಾಮಾನಿಗೆ ಅನುಕೂಲಸ್ಥರ ಮನೆ ಬೇಕು. ನಮ್ಮ ಚರಿತ್ರೆ ನಮ್ಮ ಸಾಮಾನುಗಳಲ್ಲಿ ಉಳಿದಿಲ್ಲವಾದರೆ ಅವರ ಸಾಮಾನುಗಳ ಅಡಿಯಲ್ಲಿ ಹುಡುಕಬೇಕು. ಅಲ್ಲಿ ಅದು ಇದೆ. ಗರಗಸದ ಗೆರೆಯಲ್ಲಿ, ಕೀಲಿನ ಅಂಟಿನಲ್ಲಿ ಇದೆ. ಸುಟ್ಟರೆ ನಮ್ಮದನ್ನೇ ಸುಟ್ಟಂತೆ. ಮಾರಿದರೆ ನಮ್ಮದನ್ನೇ ಮಾರಿದಂತೆ.

ಆದ್ದರಿಂದ ನಮ್ಮದು ಒಂದು ಕೋರಿಕೆ. ನಿಮ್ಮ ಊರಿನ ಹಳೇ ಕಚೇರಿ, ಶಾಲೆ, ದೊಡ್ಡಮನೆಗಳಲ್ಲಿ ಇಂಥ ಸಾಮಾನಿದ್ದರೆ ಹೋಗಿ ನೋಡಿ. ಕೂತವನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಮರ ಕಡಿದವರು, ಕೊಯ್ದವರು, ಹೆಣೆದವರು ಯಾರಿದ್ದರು ಎಂದು ವಯಸ್ಸಾದವರನ್ನು ಕೇಳಿ ಬರೆದಿಡಿ. ಕೇಳಬೇಕಾದವರು ಬಹಳ ದಿನ ಇರುವುದಿಲ್ಲ.

ದುರಸ್ತಿ ಮುಗಿದ ದಿನ ಆ ಅಜ್ಜಿಯನ್ನು ಕರೆದೆವು. "ಕೂತ್ಕೋ ಅಜ್ಜಿ" ಎಂದೆವು. ಅವಳು ಕೈಯ ಮೇಲೆ ಅಂಗೈ ಆಡಿಸಿದಳು, ಬಳ್ಳಿಯನ್ನು ಬೆರಳಲ್ಲಿ ಹಿಡಿದು ಹೋದಳು, ಕೂರಲಿಲ್ಲ. "ನಂಗೆ ನೆಲವೇ ಸುಖ ಕಣ್ರಪ್ಪ, ಮಂಡಿ ಬಗ್ಗಲ್ಲ" ಎಂದಳು. ಆಮೇಲೆ ನಾವು ಕುರ್ಚಿ ಇಡಲು ಮಾಡಿದ್ದ ಸಣ್ಣ ಕಟ್ಟೆಯ ಕಡೆ ನೋಡಿ, "ಅದ್ಯಾಕೆ? ಎತ್ತರದಾಗೆ ಇಕ್ಕಬ್ಯಾಡಿ. ಎತ್ತರದಾಗೆ ಇಕ್ಕಿದ್ರೆ ನಾಳೆ ಇನ್ಯಾರೋ ನಿಂತ್ಕಬೇಕಾಯ್ತದೆ" ಎಂದಳು.

ಕಟ್ಟೆಯನ್ನು ತೆಗೆದೆವು. ಕುರ್ಚಿ ಈಗ ಉಳಿದ ಬೆಂಚುಗಳ ಜೊತೆ ನೆಲದ ಮೇಲೇ ಇದೆ. ಸಂಜೆ ಮೊದಲು ಬಂದವರು ಅದರಲ್ಲಿ ಕೂತು ಪೇಪರ್ ಓದುತ್ತಾರೆ.